ನೂಲಿನ ಗೀರು

ಬಿಜಾಪುರ
14 ಸೆಪ್ಟೆಂಬರ್ 2008, ಭಾನುವಾರ

ಅಕ್ಕ,

ಗೌರಿ ಹಬ್ಬಕ್ಕೆ ದೊಡ್ಡಬಳ್ಳಾಪುರಕ್ಕೆ ಬಂದಾಗ ನಿನ್ನ ಎಡಗಡೆಯ ಕೆಳದವಡೆಯಲ್ಲಿ ಒಂದು ಊತ ನೋಡಿದೆ. ಅಡುಗೆಮನೆಯ ಬಾಗಿಲ ಬೆಳಕಿಗೆ ನಿನ್ನನ್ನು ಕೂರಿಸಿ, ಚಮಚದ ಹಿಡಿಯಿಂದ ಕೆನ್ನೆ ಸರಿಸಿ ನೋಡಿದೆನಲ್ಲ, ಆಗ. ಮನೆ ತುಂಬ ಜನರಿದ್ದರು. ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಇಪ್ಪತ್ತೈದು ವರ್ಷ ಮಗ್ಗದ ಸದ್ದಿನಲ್ಲಿ ನಿಂತ ಕಿವಿಗೆ ಫೋನಿನ ಮಾತು ತಾಕುವುದೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಹೆದರುವಂಥದ್ದೇನಲ್ಲ. ಊತದ ನೇರಕ್ಕಿರುವ ಕೋರೆಹಲ್ಲಿನಲ್ಲಿ ನೂಲಿನ ಗೀರು ಇದೆ. ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ನೀನು ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಉಸಿರಿನಿಂದ ಎಳೆದುಕೊಳ್ಳುತ್ತೀಯ, ಹೆಚ್ಚಾದ ತುದಿಯನ್ನು ಆ ಹಲ್ಲಿನಿಂದಲೇ ಕಡಿಯುತ್ತೀಯ. ಅಮ್ಮನಿಗೂ ಅದೇ ಹಲ್ಲಿನಲ್ಲಿ ಅದೇ ಗೀರು ಇತ್ತು. ಚಿಕ್ಕಂದಿನಲ್ಲಿ ನಾನು ಅವಳ ಬಾಯಿಗೆ ಬೆರಳಿಟ್ಟು ಅದನ್ನು ಹುಡುಕುತ್ತಿದ್ದೆ. ನಿನ್ನದು ಆಳಕ್ಕೆ ಇಳಿದು ಒಳಗಿನ ನರ ಸತ್ತಿದೆ. ಸತ್ತ ನರದಿಂದ ಬೇರಿನ ತುದಿಯಲ್ಲಿ ಕೀವು ಸೇರಿಕೊಂಡು ದವಡೆ ಊದಿದೆ. ಐಸಿನ ತುಂಡು ಇಟ್ಟಾಗ ಆ ಹಲ್ಲಿಗೆ ತಣ್ಣಗೆ ತಾಕಲಿಲ್ಲ ಎಂದೆ. ನನಗೆ ಅಷ್ಟು ಸಾಕಾಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಜೊತೆ ಓದಿದ ಶ್ರೀಧರ್‌ನ ಕ್ಲಿನಿಕ್ ಇದೆ. ಅವನಿಗೆ ಹೇಳಿದ್ದೇನೆ. ಒಂದು ಎಕ್ಸ್‌ರೇ ತೆಗೆದು, ಹಲ್ಲಿನ ಬೇರನ್ನು ಶುದ್ಧಮಾಡಿ ಮುಚ್ಚುತ್ತಾನೆ. ಹಲ್ಲು ಕೀಳಬೇಕಾಗಿಲ್ಲ. ಇದರೊಂದಿಗೆ ಇಟ್ಟಿರುವ ಚೀಟಿಯ ಮಾತ್ರೆಗಳನ್ನು ಪೂರ್ತಿ ನುಂಗು. ಊತ ಇಳಿಯಿತೆಂದು ನಡುವೆ ಬಿಡಬೇಡ.

ನಿನ್ನ
ಕೀರ್ತನ


ದೊಡ್ಡಬಳ್ಳಾಪುರ
5 ಅಕ್ಟೋಬರ್ 2008

ಕೀರ್ತಿ,

ನಿನ್ನ ಶ್ರೀಧರ್ ಡಾಕ್ಟರ ಹತ್ತಿರ ಹೋಗಿಬಂದೆ. ಒಳ್ಳೆಯ ಹುಡುಗ. ಆದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡಿದ. ನಾನು ತುಟಿ ನೋಡಿ ಮಾತು ತಿಳಿಯುವವಳು, ಬಟ್ಟೆಯನ್ನು ನೋಡಿ ಏನು ತಿಳಿಯಲಿ? ಎಲ್ಲದಕ್ಕೂ ಹೂಂ ಅಂದೆ. ಕೊನೆಗೆ ಅವನಿಗೇ ಗೊತ್ತಾಗಿ, ಬಟ್ಟೆ ಕೆಳಗಿಳಿಸಿ, "ಅಕ್ಕಾ, ನಾನು ಕೇಳಿದ್ದು ನೋವು ಇದ್ಯಾ ಅಂತ. ನೀವು ಹೂಂ ಅಂತೀರಾ, ನಗ್ತಾನೂ ಇದ್ದೀರ. ಯಾವುದನ್ನ ಬರ್ಕೊಳ್ಲಿ?" ಅಂದ. ನೋವಿಲ್ಲ ಅಂದೆ. ನಿಜವಾಗಿಯೂ ಇಲ್ಲ.

ಹೆಬ್ಬೆರಳಿನಷ್ಟು ಒಂದು ಫಿಲ್ಮನ್ನು ಬಾಯೊಳಗೆ ಇಟ್ಟು ಎಕ್ಸ್‌ರೇ ತೆಗೆದ. ಬೇರಿನ ತುದಿಯಲ್ಲಿ ಕಪ್ಪಗೆ ಇದೆ, ನೀನು ಹೇಳಿದ ಹಾಗೇ ಇದೆ ಎಂದ. ಮೂರು ಸಲ ಕರೆಸಿ ಹಲ್ಲು ಮುಚ್ಚಿ ಕಳಿಸಿದ.

ಶೆಡ್ಡಿನಲ್ಲಿ ಇದೇ ಸುದ್ದಿ. ಪಕ್ಕದ ಮಗ್ಗದ ಬೈರಮ್ಮ ನನ್ನ ಬಾಯಿ ತೆರೆಸಿ ನೋಡಿದಳು. "ನಿನ್ ಹಲ್ಲು ಸವೆಸಿ ತಂಗೀನ ಹಲ್ಲಿನ್ ಡಾಕ್ಟ್ರು ಮಾಡ್ದೆ. ಈಗ ಅವಳು ಬೇರೆಯವ್ರ ತಾವ ನಿನ್ ಹಲ್ಲಿಗೆ ಸಿಮೆಂಟ್ ಹಾಕುಸ್ತಾವ್ಳೆ" ಅಂದಳು. ನಕ್ಕೆ. ಬರೆದದ್ದು ನಿನಗೂ ನಗು ಬರಲಿ ಎಂದು, ತಪ್ಪು ತಿಳಿಯಬೇಡ.

ಅತ್ತೆ ಮಾತ್ರ ಹಲ್ಲಿನ ಮಾತನ್ನು ನಂಬುವುದಿಲ್ಲ. "ಗದ್ದಕಟ್ಟು ಕಣೇ ಇದು. ಬಂಗಾರ ಮುಟ್ಟುದ್ರೆ ಇಳೀತದೆ" ಎಂದು ತನ್ನ ಸರವನ್ನು ನನ್ನ ಕತ್ತಿಗೆ ಹಾಕಿದ್ದಾರೆ. ನೂಲಿಗೆ ಸಿಕ್ಕೀತೆಂದು ಮಗ್ಗದ ಮುಂದೆ ಅದನ್ನು ಕುಪ್ಪಸದ ಒಳಗೆ ಬಿಟ್ಟುಕೊಳ್ಳುತ್ತೇನೆ. ಕೆಲಸ ಮುಗಿಯುವ ಹೊತ್ತಿಗೆ ಅದು ಮೈಯಷ್ಟೇ ಬಿಸಿಯಾಗಿರುತ್ತದೆ.

ನಿನ್ನ ಭಾವನಿಗೆ ವಿಮಾನ ನಿಲ್ದಾಣದಲ್ಲಿ ಹುಲ್ಲಿಗೆ ನೀರು ಬಿಡುವ ಕೆಲಸ ಕಾಯಂ ಆಗಬಹುದಂತೆ. ಸಂಜೆ ಮನೆ ಮುಂದೆ ಕೂತರೆ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಅವು ಮೀನಿನ ಹಾಗೆ ಸದ್ದಿಲ್ಲದೆ ಹೋಗುತ್ತವೆ.

ಆಯುಧಪೂಜೆಗೆ ಶೆಡ್ಡು ತೊಳೆಯಬೇಕು. ನಿಲ್ಲಿಸುತ್ತೇನೆ.

ಅಕ್ಕ
ಗಂಗಲಕ್ಷ್ಮಿ


ಬಿಜಾಪುರ
19 ಅಕ್ಟೋಬರ್ 2008

ಅಕ್ಕ,

ನಿನ್ನ ಕಾಗದ ಓದಿ ಸಮಾಧಾನವಾಯಿತು. ಶ್ರೀಧರ್ ಕೂಡ ಫೋನಿನಲ್ಲಿ ಎಲ್ಲ ಹೇಳಿದ. ಬೇರಿನ ತುದಿಯ ಮೂಳೆ ಮತ್ತೆ ತುಂಬಿಕೊಳ್ಳಲು ಕೆಲವು ತಿಂಗಳು ಬೇಕು. ಅದು ತಾನಾಗಿ ಆಗುತ್ತದೆ.

ನಾನು ಕಲಿಸುವ ಕಾಲೇಜಿನಲ್ಲಿ ಪರೀಕ್ಷೆಗಳಿವೆ, ದೀಪಾವಳಿಗೆ ಬರಲಾಗುವುದಿಲ್ಲ. ಕಳೆದ ವಾರ ವಿದ್ಯಾರ್ಥಿಗಳ ಜೊತೆ ಗೋಲಗುಮ್ಮಟ ಹತ್ತಿದೆ. ಅಲ್ಲಿ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ ಆಚೆ ಬದಿಯಲ್ಲಿ ನಿಂತವರ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಎಲ್ಲರೂ ಕೂಗಾಡಿ ಇಳಿದುಹೋದ ಮೇಲೆ ನಾನೊಬ್ಬಳೇ ಉಳಿದು ನಿನ್ನ ಹೆಸರು ಹೇಳಿದೆ. ಸುತ್ತಿ ಸುತ್ತಿ ಬಂತು. ಕೊನೆಯ ಸಲ ಅದು ನನ್ನ ದನಿಯಂತೆ ಇರಲಿಲ್ಲ.

ಭಾವನಿಗೆ, ಅತ್ತೆಗೆ ನಮಸ್ಕಾರ.

ಕೀರ್ತನ


ದೊಡ್ಡಬಳ್ಳಾಪುರ
18 ಜನವರಿ 2009

ಕೀರ್ತಿ,

ಸಂಕ್ರಾಂತಿಗೆ ನೀನು ಕಳಿಸಿದ ಸೀರೆ ತಲುಪಿತು. ಬಣ್ಣ ಚೆನ್ನಾಗಿದೆ. ನೇಯ್ಗೆ ನಮ್ಮ ಶೆಡ್ಡಿನದಕ್ಕಿಂತ ಸಡಿಲ, ಅದನ್ನು ಹೇಳದೆ ಇರಲಾಗಲಿಲ್ಲ.

ಊತ ಇಳಿದಿಲ್ಲ. ದೀಪಾವಳಿಗೆ ಎಷ್ಟಿತ್ತೋ ಅದಕ್ಕಿಂತ ದೊಡ್ಡದಾಗಿದೆ. ಮೊದಲು ಒಳಗಿನಿಂದ ನಾಲಿಗೆಗೆ ಸಿಗುತ್ತಿತ್ತು. ಈಗ ಹೊರಗಿನಿಂದ ನೋಡಿದವರಿಗೆ ಸಿಗುತ್ತದೆ. ಸೆರಗನ್ನು ಎಡಗಡೆಗೆ ಎಳೆದುಕೊಂಡು ಓಡಾಡುತ್ತೇನೆ. ಮೂರು ತಿಂಗಳು ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ನೀನು ತಾನಾಗಿ ಆಗುತ್ತದೆ ಎಂದು ಬರೆದಿದ್ದೆ. ಹೇಗಿದೆ ಎಂದು ಕೇಳಿರಲಿಲ್ಲ. ಕೇಳಿದಾಗ ಹೇಳೋಣ ಎಂದುಕೊಂಡೆ.

ಈಗ ಬರೆಯಲು ಕಾರಣ ಬೈರಮ್ಮ. ನಮ್ಮ ಶೆಡ್ಡಿನಲ್ಲಿ ಯಾರೂ ಬಾಯಿಬಿಟ್ಟು ಕೂಗುವುದಿಲ್ಲ, ನಿನಗೆ ಗೊತ್ತು. ನಾಲ್ಕು ಮಗ್ಗ ಆಚೆಯಿದ್ದವಳಿಗೂ ತುಟಿಯಲ್ಲೇ ಹೇಳುತ್ತೇವೆ. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ. ಮೊನ್ನೆ ನಾನು ಏನೋ ಹೇಳಿದೆ, ಬೈರಮ್ಮನಿಗೆ ಗೊತ್ತಾಗಲಿಲ್ಲ. ಮತ್ತೆ ಹೇಳಿದೆ. ಮಗ್ಗ ಬಿಟ್ಟು ಹತ್ತಿರ ಬಂದು ಮುಖ ನೋಡಿದಳು. "ಅಕ್ಕಾ, ನಿನ್ ತುಟಿ ಒಂದ್ ಕಡೆ ತಡವಾಗಿ ಬರ್ತೈತೆ" ಅಂದಳು. ನಾನು ಸೆರಗನ್ನು ತುಟಿಯ ಮೇಲಕ್ಕೆ ಎಳೆದುಕೊಂಡು ಮಗ್ಗಕ್ಕೆ ತಿರುಗಿದೆ.

ಇತ್ತೀಚೆಗೆ ಒಂದು ಕನಸು ಬೀಳುತ್ತದೆ. ಕನಸಿನಲ್ಲಿ ನನಗೆ ಚೆನ್ನಾಗಿ ಕೇಳಿಸುತ್ತದೆ. ಅಮ್ಮ ನಮ್ಮ ತವರೂರು ಮಧುರೆಯ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಿರುತ್ತಾಳೆ. ಅವಳ ದನಿ, ಹಿತ್ತಲಿನ ಕೋಳಿಯ ಸದ್ದು ಎಲ್ಲ ಕೇಳುತ್ತದೆ. ಉತ್ತರ ಕೊಡಲು ಬಾಯಿ ತೆರೆದರೆ ಬಾಯಿ ತುಂಬ ರೇಷ್ಮೆ. ಎಳೆದಷ್ಟೂ ಬರುತ್ತದೆ. ಹೆದರಿಕೆ ಆಗುವುದಿಲ್ಲ, ಬೇಜಾರೂ ಇಲ್ಲ. ಬಹಳ ಒಳ್ಳೆಯ ರೇಷ್ಮೆ ಎಂದುಕೊಂಡು ಸುತ್ತುತ್ತ ಇರುತ್ತೇನೆ.

ಅಕ್ಕ


ಬಿಜಾಪುರ
24 ಜನವರಿ 2009

ಅಕ್ಕ,

ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ನಿಧಾನವಾಗಿ ಓದಿ, ನೋಡಿಕೊಂಡು ಉತ್ತರ ಬರೆ. ಊತ ಊಟದ ಹೊತ್ತಿಗೆ ದೊಡ್ಡದಾಗಿ ಆಮೇಲೆ ಇಳಿಯುತ್ತದೆಯೆ? ಹಾಗಿದ್ದರೆ ಅದು ಜೊಲ್ಲಿನ ಗ್ರಂಥಿಯದು, ಬೇರೆಯೇ ದಾರಿ. ಈ ಮಧ್ಯೆ ಯಾವತ್ತಾದರೂ ಜ್ವರ ಬಂದಿತ್ತೆ, ಚರ್ಮ ಕೆಂಪಾಗಿ ಬಿಸಿಯಾಗಿತ್ತೆ, ಬಾಯಲ್ಲಿ ಉಪ್ಪುಪ್ಪಾಗಿ ಕೀವು ಬಂದಿತ್ತೆ? ಕೆಳತುಟಿಯ ಎಡಭಾಗ ಜೋಮು ಹಿಡಿದಂತಿದೆಯೆ? ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡು, ಕಣ್ಣು ತೆರೆದರೆ ಕಣ್ಣೇ ಉತ್ತರ ಹೇಳಿಬಿಡುತ್ತದೆ. ಆ ಭಾಗದ ಹಲ್ಲುಗಳು ಅಲುಗುತ್ತವೆಯೆ, ಸಾಲಿನಿಂದ ಸರಿದಿವೆಯೆ?

ಕೊನೆಯದು ಮುಖ್ಯ. ಕೈ ತೊಳೆದು ತೋರುಬೆರಳನ್ನು ಒಳಗಿಟ್ಟು, ಹೆಬ್ಬೆರಳನ್ನು ಹೊರಗಿಟ್ಟು ಊತವನ್ನು ಮೆಲ್ಲಗೆ ಒತ್ತು. ಮೆತ್ತಗಿದೆಯೋ ಗಟ್ಟಿಯಿದೆಯೋ ನಿನ್ನದೇ ಮಾತಿನಲ್ಲಿ ಬರೆ. ಡಾಕ್ಟರಿಗೆ ಬರೆಯುವ ಹಾಗೆ ಬರೆಯಬೇಡ.

ಯಾರೇ ಹೇಳಿದರೂ ಅದನ್ನು ಕೊಯ್ಯಲು, ಚುಚ್ಚಲು, ಬರೆ ಹಾಕಲು, ಸೊಪ್ಪು ಕಟ್ಟಲು ಬಿಡಬೇಡ. ಸರ ಇರಲಿ, ಅದರಿಂದ ಕೆಡುಕಿಲ್ಲ.

ಕೀರ್ತನ


ದೊಡ್ಡಬಳ್ಳಾಪುರ
1 ಫೆಬ್ರವರಿ 2009

ಕೀರ್ತಿ,

ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಖಚಿತ ಮಾಡಿಕೊಳ್ಳಲು ಹುಣಸೆಹಣ್ಣು ಚಪ್ಪರಿಸಿ ಕನ್ನಡಿ ನೋಡಿದೆ. ಬಾಯಲ್ಲಿ ನೀರೂರಿತು, ಊತ ಹಾಗೇ ಇತ್ತು. ನಿನ್ನ ಭಾವ ಬಾಗಿಲಲ್ಲಿ ನಿಂತು ನೋಡಿ, "ಈ ವಯಸ್ಸಲ್ಲಿ ಹುಣಸೆಹಣ್ಣು ತಿನ್ತಾವ್ಳೆ, ಏನ್ ಸಮಾಚಾರ?" ಅಂದರು. ಅತ್ತೆಗೆ ಅದು ಕೇಳಿಸಿ ಒಂದು ಗಳಿಗೆ ಆಸೆಯಿಂದ ನೋಡಿದರು. ಪಾಪ.

ಜ್ವರ ಬಂದಿಲ್ಲ. ಕೆಂಪಾಗಿಲ್ಲ, ಕೀವಿಲ್ಲ. ತುಟಿಗೆ ನೀನು ಹೇಳಿದಂತೆ ಕಣ್ಣು ಮುಚ್ಚಿ ರೇಷ್ಮೆ ಎಳೆಯ ತುದಿಯಿಂದ ಸವರಿದೆ. ಎರಡು ಕಡೆಯೂ ಒಂದೇ ಥರ ಗೊತ್ತಾಗುತ್ತದೆ. ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲು ಸ್ವಲ್ಪ ಬಾಗಿವೆ, ನಡುವೆ ಸಂದು ಬಿದ್ದಿದೆ. ನೂಲು ಕಡಿಯಲು ಹೋದರೆ ಆ ಸಂದಿನಲ್ಲಿ ಜಾರಿಹೋಗುತ್ತದೆ. ಈಗ ಬಲಗಡೆಯಲ್ಲಿ ಕಡಿಯುತ್ತೇನೆ.

ಒತ್ತಿ ನೋಡಿದೆ. ಕೆಳಗಡೆ ಕಲ್ಲಿನಂತಿದೆ. ಕೆನ್ನೆಯ ಕಡೆ ಒಂದು ಜಾಗದಲ್ಲಿ ಒಣಗಿದ ರೇಷ್ಮೆಗೂಡನ್ನು ಒತ್ತಿದ ಹಾಗಾಗುತ್ತದೆ. ತೆಳ್ಳಗೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತದೆ. ಆಗ ಕರಕರ ಅನ್ನುತ್ತದೆ. ಕಿವಿಗೆ ಅಲ್ಲ, ಬೆರಳಿಗೆ ಕೇಳಿಸುತ್ತದೆ.

ನನ್ನದೇ ಮಾತಿನಲ್ಲಿ ಬರೆ ಎಂದೆಯಲ್ಲ, ಅದಕ್ಕೆ ಹೀಗೆ ಬರೆದೆ.

ಅಕ್ಕ


ಬಿಜಾಪುರ
6 ಫೆಬ್ರವರಿ 2009

ಅಕ್ಕ,

ರೇಷ್ಮೆಗೂಡು ಎಂದು ಬರೆದಿರುವ ಸಾಲನ್ನು ಹಲವು ಸಲ ಓದಿದೆ. ನಮ್ಮ ಪುಸ್ತಕಗಳಲ್ಲಿ ಅದನ್ನು ಮೊಟ್ಟೆಯ ಚಿಪ್ಪು ಎಂದು ಬರೆದಿರುತ್ತಾರೆ. ದವಡೆಯ ಮೂಳೆ ಒಳಗಿನಿಂದ ಊದಿ ಊದಿ ಚಿಪ್ಪಿನಷ್ಟು ತೆಳುವಾದಾಗ ಬೆರಳಿಗೆ ಹಾಗೆ ಸಿಗುತ್ತದೆ. ಹಲ್ಲಿನ ಕೀವು ಹಾಗೆ ಮಾಡುವುದಿಲ್ಲ.

ನಾನು ತಪ್ಪು ಮಾಡಿದ್ದೇನೆ. ಎಲ್ಲಿ ಎಂದು ಹೇಳುತ್ತೇನೆ. ದವಡೆ ಊದಿದೆ ಎಂದು ಯಾರೇ ಬಂದರೂ ಮೊದಲು ಊತವನ್ನು ನೋಡಬೇಕು, ಮುಟ್ಟಬೇಕು, ಎಂದಿನಿಂದ ಎಂದು ಕೇಳಬೇಕು. ಹಲ್ಲು ಆಮೇಲೆ. ಇದನ್ನೇ ನಾನು ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ನಿನ್ನ ಬಾಯಲ್ಲಿ ಮೊದಲು ಕಂಡದ್ದು ನೂಲಿನ ಗೀರು. ಅದನ್ನು ಕಂಡ ಕೂಡಲೇ ಅಮ್ಮನ ಹಲ್ಲು ಕಂಡಿತು, ಶೆಡ್ಡು ಕಂಡಿತು, ನನಗೆ ಎಲ್ಲವೂ ಗೊತ್ತಿದೆ ಅನ್ನಿಸಿತು. ಬೇರೆ ಊರಿನ ಡಾಕ್ಟರಾಗಿದ್ದರೆ ಆ ಗೀರು ಏನೆಂದು ತಿಳಿಯದೆ ಊತವನ್ನೇ ನೋಡುತ್ತಿದ್ದ. ಸವೆದ ಹಲ್ಲಿಗೆ ನರ ಬದುಕಿದ್ದರೂ ತಣ್ಣಗೆ ತಾಕದೆ ಇರಬಹುದು. ಅದೂ ನನಗೆ ಗೊತ್ತಿತ್ತು. ಶ್ರೀಧರ್ ತೆಗೆದ ಚಿಕ್ಕ ಫಿಲ್ಮು ಒಂದು ಹಲ್ಲಿನಷ್ಟೇ ಅಗಲ. ಕಪ್ಪು ಅದರ ಅಂಚಿನವರೆಗೂ ಇತ್ತಂತೆ. ಅಂಚಿನ ಆಚೆ ಏನಿದೆ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಅವನು ಕೇಳದಿದ್ದುದು ನನ್ನ ಮಾತು ನಂಬಿ.

ಬುಧವಾರ ಬೆಳಿಗ್ಗೆ ಬರುತ್ತೇನೆ. ಬೆಂಗಳೂರಿಗೆ ಹೋಗಿ ಇಡೀ ದವಡೆಯ ಎಕ್ಸ್‌ರೇ ತೆಗೆಸೋಣ, ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕೊಡೋಣ. ಒಂದು ವಾರ ರಜೆ ಹಾಕಿದ್ದೇನೆ.

ಕೀರ್ತನ


ಬಿಜಾಪುರ
28 ಫೆಬ್ರವರಿ 2009

ಅಕ್ಕ,

ಪರೀಕ್ಷೆಯ ವರದಿ ಬಂತು. ಮೊದಲಿಗೆ, ಇದು ಕ್ಯಾನ್ಸರ್ ಅಲ್ಲ. ಈ ಸಾಲನ್ನು ಭಾವನಿಗೂ ಅತ್ತೆಗೂ ಓದಿ ಹೇಳು.

ಇದರ ಹೆಸರು ಅಮಿಲೋಬ್ಲಾಸ್ಟೋಮ. ನಾವು ಗರ್ಭದಲ್ಲಿರುವಾಗಿನಿಂದ ದವಡೆಯೊಳಗೆ ಹಲ್ಲು ಕಟ್ಟುವ ಜೀವಕಣಗಳಿರುತ್ತವೆ. ಹಲ್ಲು ಮೂಡಿದ ಮೇಲೆ ಅವುಗಳ ಕೆಲಸ ಮುಗಿಯುತ್ತದೆ. ಕೆಲವು ಅಲ್ಲೇ ಮೂಳೆಯಲ್ಲಿ ಮಲಗಿ ಉಳಿಯುತ್ತವೆ. ನಿನ್ನ ದವಡೆಯಲ್ಲಿ ಅವು ನಲವತ್ತು ವರ್ಷದ ನಂತರ ಎಚ್ಚರವಾಗಿ ಮತ್ತೆ ಹಲ್ಲು ಕಟ್ಟಲು ಹೊರಟಿವೆ. ಹಲ್ಲು ಬರಲಿಲ್ಲ, ಬರೀ ಕೋಣೆಗಳು ಎದ್ದಿವೆ. ಅಂದು ಬೆಂಗಳೂರಿನ ಲ್ಯಾಬಿನ ಕಿಟಕಿಗೆ ಹಿಡಿದು ಫಿಲ್ಮು ತೋರಿಸಿದೆನಲ್ಲ, ನೀನು "ದ್ರಾಕ್ಷಿ ಗೊಂಚಲು ಇದ್ದಂಗೈತೆ" ಎಂದೆ. ಪಕ್ಕದಲ್ಲಿದ್ದ ಹುಡುಗಿ ನಕ್ಕಳು. ಆದರೆ ಅದು ಸರಿಯಾದ ಮಾತು. ಕೋರೆಹಲ್ಲಿನಿಂದ ಹಿಂದಿನ ದವಡೆಹಲ್ಲಿನವರೆಗೂ ಗೊಂಚಲು ಇದೆ. ನೂಲಿಗೂ ಇದಕ್ಕೂ ಸಂಬಂಧವೇ ಇಲ್ಲ.

ಎರಡು ದಾರಿಗಳಿವೆ. ಕೋಣೆಗಳನ್ನು ಒಳಗಿನಿಂದ ಕೆರೆದು ತೆಗೆಯಬಹುದು. ದವಡೆ ಉಳಿಯುತ್ತದೆ, ಮುಖ ಹಾಗೇ ಇರುತ್ತದೆ. ಆದರೆ ಈ ಕಣಗಳು ಮೂಳೆಯ ಸಂದಿನಲ್ಲಿ ಕಣ್ಣಿಗೆ ಕಾಣದಂತೆ ಉಳಿದು ಮತ್ತೆ ಬೆಳೆಯುವುದೇ ಹೆಚ್ಚು. ಎರಡನೆಯದು, ಆ ಭಾಗದ ದವಡೆಯನ್ನೇ ಪೂರ್ತಿ ಕತ್ತರಿಸಿ, ಲೋಹದ ಪಟ್ಟಿ ಇಟ್ಟು, ಸೊಂಟದ ಮೂಳೆಯ ತುಂಡನ್ನು ಕೂರಿಸುವುದು. ಹಾಗೆ ಮಾಡಿದರೆ ಅದು ಮರಳುವುದು ಅಪರೂಪ. ಆದರೆ ಆ ಮೂಳೆಯೊಳಗೆ ಹೋಗುವ ನರವೂ ಹೋಗುತ್ತದೆ. ಕೆಳತುಟಿಯ ಎಡ ಅರ್ಧಕ್ಕೆ ಸ್ಪರ್ಶ ತಿಳಿಯುವುದಿಲ್ಲ, ತುಟಿಯ ಮೂಲೆ ಸ್ವಲ್ಪ ಜೋತುಬೀಳಬಹುದು. ಮಾತು ಮೊದಲಿನಂತೆ ಇರುವುದಿಲ್ಲ.

ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ. ಬೆಂಗಳೂರಿನ ಸರ್ಜನ್ ಕೂಡ ಅದನ್ನೇ ಹೇಳಿದರು.

ಅಂದು ಬಸ್ಸಿನಲ್ಲಿ ಬರುವಾಗ ನೀನು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದೆ. ನಿನ್ನ ತುಟಿ ಅಲುಗುತ್ತಿತ್ತು. ಯಾರ ಜೊತೆಗೋ ಮಾತಾಡುತ್ತಿದ್ದೆ. ಬಹಳ ಹೊತ್ತು ನೋಡಿದೆ, ಒಂದು ಮಾತೂ ನನಗೆ ತಿಳಿಯಲಿಲ್ಲ.

ಕೀರ್ತನ


ದೊಡ್ಡಬಳ್ಳಾಪುರ
15 ಮಾರ್ಚ್ 2009

ಕೀರ್ತಿ,

ನೀನು ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದೆ. ಕ್ಯಾನ್ಸರ್ ಅಲ್ಲ ಎಂಬಲ್ಲಿಗೆ ಅತ್ತೆ ಎದ್ದುಹೋಗಿ ದೇವರಿಗೆ ದೀಪ ಹಚ್ಚಿದರು. ಮುಂದಿನದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆರೆದು ತೆಗೆಯಲಿ. ನನಗೆ ಅಷ್ಟು ಸಾಕು.

ನಿನಗೆ ಇದು ಹಟದಂತೆ ಕಾಣಬಹುದು. ಮುಖದ ಅಂದಕ್ಕಾಗಿ ಎಂದುಕೊಳ್ಳಬೇಡ. ಅದನ್ನು ಬಿಟ್ಟು ಬಹಳ ಕಾಲವಾಯಿತು. ನೀನು ಹತ್ತು ವರ್ಷದವಳಿದ್ದಾಗ ಹಾಸ್ಟೆಲಿಗೆ ಹೋದೆ, ಶೆಡ್ಡಿನ ಒಳಗೆ ಹೆಚ್ಚು ನಿಂತವಳಲ್ಲ. ಒಂದು ಸಂಗತಿ ಹೇಳುತ್ತೇನೆ. ಕೆಲವು ಸಲ ಮಧ್ಯಾಹ್ನ ಇದ್ದಕ್ಕಿದ್ದಂತೆ ಕರೆಂಟು ಹೋಗುತ್ತದೆ. ಇಪ್ಪತ್ತನಾಲ್ಕು ಮಗ್ಗವೂ ಒಟ್ಟಿಗೆ ನಿಲ್ಲುತ್ತವೆ. ಉಳಿದವರಿಗೆ ಅದು ದೊಡ್ಡ ಮೌನವಂತೆ. ನನಗೆ ಕಾಲಡಿಯ ನೆಲದ ನಡುಕ ನಿಲ್ಲುತ್ತದೆ, ಅಷ್ಟೆ. ಆದರೆ ಯಾರೂ ತಕ್ಷಣ ದನಿ ಎತ್ತುವುದಿಲ್ಲ. ಅಭ್ಯಾಸಬಲದಿಂದ ಹಾಗೇ ತುಟಿಯಲ್ಲೇ ಮಾತಾಡುತ್ತಿರುತ್ತಾರೆ. ಗಾಜಿನ ಹೆಂಚಿನಿಂದ ಬಿಸಿಲು ಬಿದ್ದಿರುತ್ತದೆ, ಮಗ್ಗದ ಉದ್ದಕ್ಕೂ ಹಾಸಿನ ಎಳೆಗಳೆಲ್ಲ ಹೊಳೆಯುತ್ತಿರುತ್ತವೆ, ಧೂಳು ನಿಧಾನವಾಗಿ ಇಳಿಯುತ್ತಿರುತ್ತದೆ. ಆ ಸ್ವಲ್ಪ ಹೊತ್ತು ಎಲ್ಲರೂ ನನ್ನ ಹಾಗೇ ಇರುತ್ತಾರೆ. ಆಮೇಲೆ ಯಾರೋ ಒಬ್ಬರು ಕೆಮ್ಮುತ್ತಾರೆ, ನಗುತ್ತಾರೆ, ಎಲ್ಲರ ದನಿಯೂ ಅವರವರಿಗೆ ವಾಪಸು ಬರುತ್ತದೆ. ನಾನು ಮಾತ್ರ ಅಲ್ಲೇ ಉಳಿಯುತ್ತೇನೆ.

ಮನೆಯಲ್ಲಿ ಯಾರಿಗೂ ಎದುರು ನಿಂತು ತುಟಿ ತೋರಿಸಿ ಮಾತಾಡುವ ಅಭ್ಯಾಸವಿಲ್ಲ, ಕೂಗುತ್ತಾರೆ. ಕೂಗುವವರಿಗೆ ಬೇಗ ಸಾಕಾಗುತ್ತದೆ. ಉಪ್ಪು, ನೀರು, ಬಾಗಿಲು, ಇಷ್ಟೇ ಮಾತು ಉಳಿದಿದೆ. ಪೂರ್ತಿ ಮಾತು ಇರುವುದು ಶೆಡ್ಡಿನಲ್ಲಿ ಮಾತ್ರ. ಈಗಲೇ ಅವರಿಗೆ ನನ್ನ ಅರ್ಧ ಗೊತ್ತಾಗುವುದಿಲ್ಲ. ತುಟಿ ಜೋತುಬಿದ್ದರೆ ನನ್ನನ್ನು ಓದುವವರು ಯಾರು?

ಮತ್ತೆ ಬಂದರೆ ಮತ್ತೆ ಕೆರೆಸಿಕೊಳ್ಳೋಣ.

ಅಕ್ಕ


ಬಿಜಾಪುರ
22 ಮಾರ್ಚ್ 2009

ಅಕ್ಕ,

ನಿನ್ನದು ಹಟ ಎಂದು ನನಗೆ ಅನ್ನಿಸಲಿಲ್ಲ.

ಒಮ್ಮೆ ನನ್ನ ಮಾತು ನಂಬಿ ನಿನಗೆ ಐದು ತಿಂಗಳು ಹೋಯಿತು. ಆದ್ದರಿಂದ ಈ ಸಲ ನನ್ನೊಬ್ಬಳ ಮಾತನ್ನು ಇಟ್ಟುಕೊಳ್ಳಲಿಲ್ಲ. ಫಿಲ್ಮನ್ನೂ ಚೂರು ಅಂಟಿಸಿದ ಪರೀಕ್ಷೆಯ ಗಾಜುಗಳನ್ನೂ ನಮ್ಮ ಕಾಲೇಜಿನ ಇಬ್ಬರಿಗೆ ತೋರಿಸಿದೆ. ರೋಗಿ ಯಾರೆಂದು ಹೇಳಲಿಲ್ಲ. ಇಬ್ಬರೂ ಬೇರೆಬೇರೆಯಾಗಿ ನೋಡಿ ಕತ್ತರಿಸಬೇಕು ಎಂದರು.

ಮತ್ತೆ ಬಂದರೆ ಮತ್ತೆ ಕೆರೆಸಿಕೊಳ್ಳೋಣ ಎಂದಿದ್ದೀಯ. ಅದು ಬಂದಾಗ ಇದೇ ಜಾಗದಲ್ಲಿ ಇರುವುದಿಲ್ಲ. ಮೂಳೆಯ ಹೊರಗೆ ಮಾಂಸಕ್ಕೆ ಇಳಿದಿರಬಹುದು, ಹಿಂದಕ್ಕೆ ಕಿವಿಯ ಬುಡದವರೆಗೆ ಹೋಗಿರಬಹುದು. ಆಗ ಅರ್ಧ ದವಡೆಯೂ ಸಾಲದು. ಕೆರೆದು ಕಳಿಸಿದವರು ಹತ್ತು ವರ್ಷದ ಮೇಲೆ ಮರಳಿ ಬಂದದ್ದನ್ನು ನಾನು ಇಲ್ಲಿ ನೋಡಿದ್ದೇನೆ. ಅವರಿಗೆ ಬಾಯಿ ತೆರೆಯಲೇ ಆಗುತ್ತಿರಲಿಲ್ಲ. ಹೆದರಿಸಲು ಬರೆಯುತ್ತಿಲ್ಲ. ಬರೆಯದೆ ಬಿಟ್ಟರೆ ಎರಡನೆಯ ಸಲ ನಿನಗೆ ತಪ್ಪು ದಾರಿ ತೋರಿಸಿದಂತಾಗುತ್ತದೆ.

ಆಪರೇಷನ್ ಆದ ಮೇಲೆ ನಿನ್ನ ತುಟಿಯನ್ನು ಶೆಡ್ಡಿನವರು ಓದಬಲ್ಲರೆ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಮಾತು ಕೇಳುವವರಿಗೆ ಹೇಗಿರುತ್ತದೆ ಎಂದು ಬರೆದಿದ್ದಾರೆ, ನೋಡುವವರಿಗೆ ಹೇಗೆಂದು ಯಾರೂ ಬರೆದಿಲ್ಲ.

ನೀನು ಕೆರೆಸಿಕೊಳ್ಳುವುದೇ ಎಂದರೆ ಅದಕ್ಕೂ ನಾನೇ ಜೊತೆಗೆ ಬರುತ್ತೇನೆ. ತೀರ್ಮಾನ ನಿನ್ನದು. ಆದರೆ ಬೇಗ ಮಾಡು. ಅದು ಕಾಯುವುದಿಲ್ಲ.

ಶುಕ್ರವಾರ ಯುಗಾದಿ. ಬೇವು ಬೆಲ್ಲ ಬಲಗಡೆಯಲ್ಲಿ ಅಗಿ.

ಕೀರ್ತನ


ದೊಡ್ಡಬಳ್ಳಾಪುರ
5 ಏಪ್ರಿಲ್ 2009, ಭಾನುವಾರ

ಕೀರ್ತಿ,

ಪುಸ್ತಕದಲ್ಲಿ ಇಲ್ಲ ಎಂದು ಬರೆದೆಯಲ್ಲ, ಹಾಗಾದರೆ ನಾವೇ ನೋಡೋಣ ಎಂದುಕೊಂಡೆ.

ಯುಗಾದಿ ಮುಗಿದ ಸೋಮವಾರ ಎಡ ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡು, ಕೆಳತುಟಿಯ ಎಡ ಮೂಲೆಯನ್ನು ಕೆಳಕ್ಕೆ ಎಳೆದು ಮೆಡಿಕಲ್ ಶಾಪಿನ ಪ್ಲಾಸ್ಟರ್ ಅಂಟಿಸಿಕೊಂಡು ಶೆಡ್ಡಿಗೆ ಹೋದೆ. ಮಾಲೀಕರು ವೆಂಕಟರಾಯಪ್ಪನವರು ನೋಡಿ, ಹಲ್ಲು ಕೀಳಿಸಿದೆಯಾ ಎಂದು ಸನ್ನೆಯಲ್ಲಿ ಕೇಳಿದರು. ಹೂಂ ಅಂದೆ.

ಮೊದಲ ದಿನ ಬಹಳ ಕಷ್ಟವಾಯಿತು. ಬೈರಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಳು, ಮಗ್ಗದಲ್ಲಿ ಎಳೆ ಕಡಿದದ್ದೂ ಅವಳಿಗೆ ಗೊತ್ತಾಗಲಿಲ್ಲ. ಮೆಕ್ಯಾನಿಕ್ ಪಿಳ್ಳಣ್ಣ ಎರಡು ಸಲ ಹತ್ತಿರ ಬಂದು ಕಿವಿ ಕೊಟ್ಟ. ಅವನ ಕಿವಿಯೂ ನನ್ನ ಕಿವಿಯಂಥದ್ದೇ. ಇಬ್ಬರಿಗೂ ನಗು ಬಂತು. ಮನೆಗೆ ಬಂದು ಪ್ಲಾಸ್ಟರ್ ಕಿತ್ತಾಗ ಚರ್ಮ ಉರಿಯಿತು. ನಾಳೆ ಬೇಡ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಮತ್ತೆ ಅಂಟಿಸಿಕೊಂಡೆ.

ಮಾರನೆಯ ದಿನ ಬೈರಮ್ಮ ಬಂದು, "ನೀನು ಬಾಯ್ನ ಎಡಗಡೆ ಹುಡುಕ್ಬ್ಯಾಡ ಕಣಕ್ಕ, ಬಲಗಡೇಲೇ ಹೇಳು. ನಾನು ಅಲ್ಲೇ ನೋಡ್ತೀನಿ" ಅಂದಳು. ನಾನು ಜೋತುಬಿದ್ದ ಮೂಲೆಯನ್ನು ಎತ್ತಲು ಹೆಣಗುತ್ತಿದ್ದುದು ಅವಳಿಗೆ ಅಡ್ಡವಾಗುತ್ತಿತ್ತಂತೆ. ಹೆಣಗುವುದನ್ನು ಬಿಟ್ಟೆ. ನಿಧಾನವಾಗಿ ಹೇಳಿದೆ.

ಶುಕ್ರವಾರ ಮಾಲೀಕರು ಹೊಸ ಪ್ಯಾಂಟು ಹಾಕಿ, ಕಪ್ಪು ಕನ್ನಡಕ ಇಟ್ಟು, ಯಾರೋ ನೆಂಟರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟು ಶೆಡ್ಡಿನ ನಡುವೆ ಹಾದುಹೋದರು. ಅವರ ಹೊಟ್ಟೆ ಎಷ್ಟು ದಪ್ಪ ಎಂದು ನಿನಗೆ ಗೊತ್ತಲ್ಲ. ಬೈರಮ್ಮ ಅವತ್ತು ಬೇರೆಯವರ ಬದಲಿಗೆ ಗೋಡೆಯ ಕಡೆ, ನಾಲ್ಕು ಮಗ್ಗ ಆಚೆ ಇದ್ದಳು. "ಸಾವ್ಕಾರ್ರು ವಿಮಾನ ಇಳ್ಸಕ್ಕೆ ಹೊಂಟವ್ರೆ, ಪ್ಯಾಂಟ್ ಇಳೀದಿದ್ರೆ ಸಾಕು" ಎಂದೆ. ಹತ್ತಿ, ಪ್ಲಾಸ್ಟರ್ ಎರಡೂ ಇದ್ದವು. ಕೈಸನ್ನೆ ಮಾಡಲಿಲ್ಲ. ಮಾಲೀಕರ ಕಡೆ ನೋಡಲೂ ಇಲ್ಲ. ಬೈರಮ್ಮ ಪ್ಯಾಂಟ್ ಅನ್ನುವಲ್ಲಿ ತಲೆ ತಗ್ಗಿಸಿದಳು. ನೋಡಿದರೆ ಭುಜ ಕುಲುಕುತ್ತಿತ್ತು. ನಗಬೇಕಾದ ಜಾಗದಲ್ಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಅಲ್ಲಿಂದಲೇ, "ಸುಮ್ಕಿರಕ್ಕ, ನಗ್ತಾ ನಿಂತ್ರೆ ಲಾಳಿ ಆಚೆ ಹಾರ್ತದೆ" ಅಂದಳು.

ನಾನು ಮಗ್ಗ ನಿಲ್ಲಿಸಿ ಲಾಳಿಗೆ ಹೊಸ ಕಂಡಿಕೆ ಹಾಕಿದೆ.

ಕತ್ತರಿಸಿಯೇ ತೆಗೆಯಲಿ. ಸರ್ಜನ್ ಹತ್ತಿರ ದಿನ ಕೇಳಿ ತಿಳಿಸು. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ. ನಿನ್ನ ಉತ್ತರ ಬಂದ ಮೇಲೆ ಹೇಳುತ್ತೇನೆ.

ಒಂದು ಮಾತು. ಆಪರೇಷನ್ ಆದ ಮೇಲೆ ಹಾಸಿಗೆಯ ಪಕ್ಕ ಕೂರುವವಳು ನೀನು. ಬೈರಮ್ಮನನ್ನು ಅಲ್ಲಿ ಬಿಡುವುದಿಲ್ಲ. ಬಾಯಿ ಊದಿ ದನಿ ಹೊರಡದಿದ್ದರೆ, ನನಗೆ ಬಾಯಾರಿಕೆಯೋ ನೋವೋ ನಿನಗೆ ಹೇಗೆ ಗೊತ್ತಾಗಬೇಕು? ಬರೆದು ತೋರಿಸು ಎನ್ನಬೇಡ. ಒಂದು ವಾರ ಮುಂಚೆ ಬಾ. ಪ್ಲಾಸ್ಟರ್ ಅಂಟಿಸಿಕೊಂಡು ಶೆಡ್ಡಿನಲ್ಲಿ ನಿನ್ನ ಎದುರಿಗೆ ನಿಲ್ಲುತ್ತೇನೆ. ಅವರೆಲ್ಲ ಕಲಿತಾಯಿತು. ಇನ್ನು ಕಲಿಯಬೇಕಾದವಳು ನೀನೊಬ್ಬಳೇ.

ಅಕ್ಕ
ಗಂಗಲಕ್ಷ್ಮಿ